ಸೆಲ್ಫ್ ಹೊಡೆಯುತ್ತೆ, ಗಾಡಿ ಸ್ಟಾರ್ಟ್ ಆಗಲ್ಲ. ಫ್ಯೂಯಲ್ ಪಂಪ್ ಮನೆಯಲ್ಲೇ ಬದಲಾಯಿಸಬಹುದಾ?

ಹಾಸನದ_ಹಳೇಗಾಡಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ನನ್ನದು 2010ರ ಪೆಟ್ರೋಲ್ ಕಾರು, ಚಿಕ್ಕದು. ಸೆಕೆಂಡ್ ಹ್ಯಾಂಡ್ ತಗೊಂಡು 6 ವರ್ಷ ಆಯಿತು. ಕಂಪನಿ ಹೆಸರು ಬೇಕಂತಲೇ ಬರೆಯುತ್ತಿಲ್ಲ. ಬರೆದರೆ, ಟ್ಯಾಂಕಿನಿಂದ ಇಂಜಿನ್ನಿಗೆ ಪೆಟ್ರೋಲ್ ತಳ್ಳುವ ಈ ಪಂಪಿನ ವಿಷಯ ಮೂಲೆಗೆ ಹೋಗಿ ಯಾವ ಕಂಪನಿ ಒಳ್ಳೆಯದು ಅನ್ನುವ ಜಗಳ ಶುರುವಾಗುತ್ತದೆ, ಗೊತ್ತಲ್ಲ.

ಹೋದ ಭಾನುವಾರ ಸಕಲೇಶಪುರದ ನೆಂಟರ ಮನೆಯಿಂದ ವಾಪಸ್ ಬರುತ್ತಿದ್ದೆವು. ಬಾಳ್ಳುಪೇಟೆ ದಾಟಿದ ಮೇಲೆ ಗಾಡಿ ಎರಡು ಸಲ ಜಗ್ಗಿತು, ಆಕ್ಸಿಲರೇಟರ್ ತುಳಿದರೂ ಎಳೆಯಲಿಲ್ಲ, ಹಾಗೇ ನಿಂತುಬಿಟ್ಟಿತು. ಸೆಲ್ಫ್ ಹೊಡೆದರೆ ಇಂಜಿನ್ ಚೆನ್ನಾಗಿ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಪೆಟ್ರೋಲ್ ಖಾಲಿ ಇರಬೇಕು ಅಂದುಕೊಂಡೆ. ನನಗೆ 300, 500 ರೂಪಾಯಿಗೆ ಹಾಕಿಸುವ ಅಭ್ಯಾಸ, ಮುಳ್ಳು ಯಾವಾಗಲೂ ಕೆಂಪು ಗೆರೆಯ ಮೇಲೇ ಇರುತ್ತದೆ. ಒಬ್ಬ ಬೈಕಿನವರು ಪುಣ್ಯಾತ್ಮರು ಬಂಕಿನಿಂದ 5 ಲೀಟರ್ ತಂದುಕೊಟ್ಟರು. ಹಾಕಿದರೂ ಅದೇ ಕಥೆ. ಅರ್ಧ ಗಂಟೆ ಬಿಟ್ಟು ಸುಮ್ನೆ ಒಂದು ಸಲ ನೋಡೋಣ ಅಂತ ಕೀ ತಿರುಗಿಸಿದೆ, ಏನೂ ಆಗಿಲ್ಲ ಅನ್ನುವ ಹಾಗೆ ಸ್ಟಾರ್ಟ್ ಆಯಿತು. ಮನೆ ತನಕ ಬಂತು. ಮರುದಿನದಿಂದ ಸ್ಟಾರ್ಟೇ ಇಲ್ಲ.

ಇನ್ನೊಂದು ವಿಷಯ. ಮೊದಲು ಕೀ ಆನ್ ಮಾಡಿದ ಕೂಡಲೇ ಹಿಂದಿನ ಸೀಟಿನ ಕೆಳಗಿನಿಂದ ಎರಡು ಸೆಕೆಂಡ್ ಗುಂಯ್ ಅಂತ ಸದ್ದು ಬರುತ್ತಿತ್ತು. ಈಗ ಬರುತ್ತಿಲ್ಲ. ಇಷ್ಟು ವರ್ಷ ಆ ಸದ್ದು ಇತ್ತು ಅನ್ನುವುದು ನಿಂತ ಮೇಲೇ ಗೊತ್ತಾಗಿದ್ದು ನೋಡಿ.

ಗ್ಯಾರೇಜಿಗೆ ಫೋನ್ ಮಾಡಿದೆ. ಗಾಡಿ ನೋಡದೆಯೇ "ಪಂಪ್ ಹೋಗಿದೆ, ಪೂರ್ತಿ ಅಸೆಂಬ್ಲಿ ಹಾಕಬೇಕು, ಟೋಯಿಂಗ್ ಎಲ್ಲ ಸೇರಿ 14 ಸಾವಿರ" ಎಂದರು. ಬರೀ ಪಂಪ್ 2 ಸಾವಿರದ ಒಳಗೆ ಸಿಗುತ್ತದೆ ಅಂತ ಸ್ಪೇರ್ ಪಾರ್ಟ್ಸ್ ಅಂಗಡಿಯವರು ಹೇಳುತ್ತಾರೆ. ನನ್ನ ಹತ್ತಿರ ಒಂದು ಸೆಟ್ ಸ್ಪ್ಯಾನರ್, 8, 10, 12ರ ಸಾಕೆಟ್, ಸ್ಕ್ರೂಡ್ರೈವರ್, ಇಕ್ಕಳ, ಸುತ್ತಿಗೆ, ಒಂದು ಅಗ್ಗದ ಮಲ್ಟಿಮೀಟರ್ ಇದೆ. ಬ್ರೇಕ್ ಪ್ಯಾಡ್, ಆಯಿಲ್, ಬ್ಯಾಟರಿ ಇವೆಲ್ಲ ನಾನೇ ಬದಲಾಯಿಸುತ್ತೇನೆ. ಆದರೆ ಪೆಟ್ರೋಲ್ ಟ್ಯಾಂಕಿಗೆ ಇದುವರೆಗೆ ಕೈ ಹಾಕಿಲ್ಲ. ನಿಜ ಹೇಳಬೇಕೆಂದರೆ ಸ್ವಲ್ಪ ಭಯ ಇದೆ. ನಮ್ಮನೆಯವಳಿಗೆ ನನಗಿಂತ ಜಾಸ್ತಿ ಇದೆ.

ಇದು ಮನೆಯಲ್ಲಿ ಆಗುವ ಕೆಲಸವಾ? ಮಾಡಿದವರು ಯಾರಾದರೂ ಇದ್ದರೆ ಹೇಳಿ.


ಪಾನಾ_ಹುಬ್ಬಳ್ಳಿ:

ತಮ್ಮಾ, ಆಗುವ ಕೆಲಸವೇ. ಆದರೆ ಮೊದಲು ಪಂಪ್ ಹೋಗಿದೆ ಅಂತ ಖಾತ್ರಿ ಮಾಡಿಕೋ. ನಾನು 22 ವರ್ಷ ಗ್ಯಾರೇಜ್ ನಡೆಸಿದವನು. ನನ್ನ ಹತ್ತಿರ "ಪಂಪ್ ಹೋಗಿದೆ" ಅಂತ ಎಳೆದು ತಂದ ಗಾಡಿಗಳಲ್ಲಿ ಎಷ್ಟೋ ಗಾಡಿಗಳ ಪಂಪ್ ಚೆನ್ನಾಗಿಯೇ ಇತ್ತು. ಒಂದು ಗಾಡಿಯಲ್ಲಿ ಹೆಗ್ಗಣ ವೈರ್ ಕಡಿದಿತ್ತು. ಇನ್ನೊಂದರಲ್ಲಿ ಗ್ರಾಹಕರು ತಾವೇ ಹೊಸ ಪಂಪ್ ಹಾಕಿಕೊಂಡು, ಆಮೇಲೂ ಸ್ಟಾರ್ಟ್ ಆಗದೆ, ನನ್ನ ಹತ್ತಿರ ತಂದರು. 60 ರೂಪಾಯಿಯ ರಿಲೇ, ಅಂದರೆ ಪಂಪಿಗೆ ಕರೆಂಟ್ ಬಿಡುವ ಪುಟ್ಟ ಸ್ವಿಚ್, ಹೋಗಿತ್ತು ಅಷ್ಟೇ.

ಟ್ಯಾಂಕ್ ಮುಟ್ಟುವ ಮೊದಲು ನೋಡಬೇಕಾದದ್ದು ಇಷ್ಟು.

ಕೀ ಆನ್ ಮಾಡಿದಾಗ ಡ್ಯಾಶ್‌ಬೋರ್ಡಿನಲ್ಲಿ ಕೀ ಅಥವಾ ಬೀಗದ ಚಿತ್ರದ ದೀಪ ಮಿಣುಕುತ್ತಾ ಇದೆಯಾ? ಇದ್ದರೆ ಅದು ಇಮೊಬಿಲೈಸರ್ ಕಥೆ, ಗಾಡಿಗೆ ನಿನ್ನ ಕೀಯ ಗುರುತು ಸಿಗುತ್ತಿಲ್ಲ. ಇನ್ನೊಂದು ಕೀ ಹಾಕಿ ನೋಡು. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಸ್ವಲ್ಪವಾದರೂ ಅಲ್ಲಾಡುತ್ತದಾ? ಒಂಚೂರೂ ಅಲ್ಲಾಡದಿದ್ದರೆ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ ಪಡಬೇಕು. ಇಂಜಿನ್ ತಿರುಗುತ್ತಿದೆ ಅನ್ನುವ ಸುದ್ದಿ ಕಂಪ್ಯೂಟರಿಗೆ ಹೋಗದಿದ್ದರೆ ಅದು ಪಂಪಿಗೆ ಕರೆಂಟೇ ಕೊಡುವುದಿಲ್ಲ, ಕೀ ಆನ್ ಮಾಡಿದಾಗಿನ ಆ ಎರಡು ಸೆಕೆಂಡ್ ಬಿಟ್ಟು. ನಿನ್ನ ಗಾಡಿಯಲ್ಲಿ ಆ ಎರಡು ಸೆಕೆಂಡಿನ ಸದ್ದೂ ಇಲ್ಲ ಅಂತೀಯ. ಹಾಗಾಗಿ ಫ್ಯೂಸ್, ರಿಲೇ, ವೈರ್, ಪಂಪ್, ಈ ನಾಲ್ಕರಲ್ಲಿ ಒಂದು.

ಫ್ಯೂಸ್ ಸುಟ್ಟಿದ್ದರೆ ಕಣ್ಣಿಗೇ ಕಾಣುತ್ತದೆ. ರಿಲೇಗೆ ಸುಲಭದ ದಾರಿ ಅಂದರೆ, ಅದೇ ಫ್ಯೂಸ್ ಡಬ್ಬಿಯಲ್ಲಿ ಹಾರ್ನ್ ರಿಲೇ ಇರುತ್ತದೆ, ಎರಡರ ಮೇಲೂ ಒಂದೇ ನಂಬರ್ ಇದ್ದರೆ ಅದಲುಬದಲು ಮಾಡಿ ನೋಡು. ಹಾರ್ನ್ ಸತ್ತು ಗಾಡಿ ಬದುಕಿದರೆ ಕೆಲಸ ಮುಗಿಯಿತು.

ಆಮೇಲೆ ಹಿಂದಿನ ಸೀಟು ಎತ್ತು. ಕೆಳಗೆ ತಗಡಿನ ಅಥವಾ ಪ್ಲಾಸ್ಟಿಕ್ಕಿನ ಮುಚ್ಚಳ ಇದ್ದರೆ ನೀನು ಪುಣ್ಯವಂತ. ಎಲ್ಲ ಗಾಡಿಗಳಲ್ಲೂ ಇರುವುದಿಲ್ಲ. ಇಲ್ಲದಿದ್ದರೆ ಇಡೀ ಟ್ಯಾಂಕ್ ಕೆಳಗೆ ಇಳಿಸಬೇಕು. ಅದು ನೀನು ಬರೆದ ಸಾಮಾನುಗಳಲ್ಲಿ ಆಗುವ ಕೆಲಸ ಅಲ್ಲ, ಜ್ಯಾಕ್ ಮೇಲೆ ಗಾಡಿ ನಿಲ್ಲಿಸಿ ಕೆಳಗೆ ತೂರುವ ಸಾಹಸ ಬೇಡವೇ ಬೇಡ. ಮುಚ್ಚಳ ಇದ್ದರೆ ಅದನ್ನು ತೆಗೆದಾಗ ಪಂಪಿನ ವೈರ್ ಕನೆಕ್ಟರ್ ಕಾಣುತ್ತದೆ. ಅದನ್ನು ಬಿಚ್ಚಿ ಪರೀಕ್ಷೆ ಮಾಡು.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಮಲ್ಟಿಮೀಟರ್ ಇಡುತ್ತಾರೆ, 12 ವೋಲ್ಟ್ ತೋರಿಸುತ್ತದೆ, ಕರೆಂಟ್ ಬರುತ್ತಿದೆ ಅಂತ ಪಂಪ್ ತರಲು ಓಡುತ್ತಾರೆ. ಮೀಟರ್ ಹೆಚ್ಚುಕಮ್ಮಿ ಏನೂ ಕರೆಂಟ್ ಎಳೆಯುವುದಿಲ್ಲ ಮಾರಾಯ. ವೈರಿನಲ್ಲಿ ಒಂದೇ ಒಂದು ಎಳೆ ಉಳಿದಿದ್ದರೂ ಅದು 12 ಅನ್ನುತ್ತದೆ. ಪಂಪ್ ಎಳೆಯುವುದು 4-5 ಆಂಪ್. ಹಾಗಾಗಿ ಹಳೆಯ ಹೆಡ್‌ಲೈಟ್ ಬಲ್ಬ್ ತಗೋ, 55 ವಾಟಿನದ್ದು, ಅದೂ ಅಷ್ಟೇ ಎಳೆಯುತ್ತದೆ. ಕನೆಕ್ಟರಿನ ಪಂಪ್ ವೈರ್ ಎರಡಕ್ಕೆ ಸಿಕ್ಕಿಸಿ ಕೀ ಆನ್ ಮಾಡಿಸು. ಪಕ್ಕದ ಎರಡು ಸಪೂರ ವೈರ್ ಪೆಟ್ರೋಲ್ ಮಟ್ಟ ತೋರಿಸುವ ಗೇಜಿನದ್ದು, ಅದಕ್ಕೆ ಬಲ್ಬ್ ಹಾಕಬೇಡ. ಬಲ್ಬ್ ಎರಡು ಸೆಕೆಂಡ್ ಜೋರಾಗಿ ಉರಿದರೆ ವೈರ್ ಸರಿ ಇದೆ, ಪಂಪ್ ಸತ್ತಿದೆ. ಮಂಕಾಗಿ ಉರಿದರೆ ಅಥವಾ ಉರಿಯದಿದ್ದರೆ ಪಂಪ್ ತರಬೇಡ, ವೈರ್ ಹಿಡಿದು ಹುಡುಕುತ್ತಾ ಹೋಗು. ಅರ್ತಿಂಗ್ ವೈರ್ ಬಾಡಿಗೆ ಕೂರುವ ಜಾಗದಲ್ಲಿ ತುಕ್ಕು ಹಿಡಿದಿರುವುದು ಬಹಳ.

ಬಿಸಿಯಾದಾಗ ನಿಂತು ತಣ್ಣಗಾದ ಮೇಲೆ ಹೊರಟಿತು ಅಂತ ಬರೆದಿದ್ದೀಯಲ್ಲ, ಅದು ಪಂಪಿನ ಮೋಟಾರ್ ಸಾಯುವ ಮುಂಚಿನ ಲಕ್ಷಣವೇ. ಆದರೂ ಬಲ್ಬ್ ಹಾಕಿ ನೋಡು.


ಸುರಕ್ಷಾ_ಮೈಸೂರು:

ನಾನು ಮೆಕ್ಯಾನಿಕ್ ಅಲ್ಲ. ಕಾರ್ಖಾನೆಯಲ್ಲಿ ಸೇಫ್ಟಿ ವಿಭಾಗದಲ್ಲಿ ಕೆಲಸ ಮಾಡುವವಳು, ಹಾಗಾಗಿ ನನ್ನ ಮಾತು ಸ್ವಲ್ಪ ಅಜ್ಜಿ ಮಾತಿನ ಹಾಗೆ ಇರುತ್ತದೆ. ಪಾನಾ ಅಣ್ಣ ಹೇಳಿದ ಬಲ್ಬಿನ ಉಪಾಯ ಸರಿ. ಆದರೆ ಬಲ್ಬನ್ನು ಟ್ಯಾಂಕಿನ ಪಕ್ಕದಲ್ಲಿ ಇಟ್ಟುಕೊಂಡು ಮಾಡಬೇಡಿ. ಹ್ಯಾಲೊಜೆನ್ ಬಲ್ಬಿನ ಗಾಜು ಸಿಕ್ಕಾಪಟ್ಟೆ ಕಾಯುತ್ತದೆ, ಕೈಯಿಂದ ಜಾರಿ ಒಡೆದರಂತೂ ಒಳಗಿನ ತಂತಿ ಕಿಡಿಯೇ. 3 ಮೀಟರ್ ದಪ್ಪ ವೈರ್ ಜೋಡಿಸಿ, ಬಲ್ಬನ್ನು ಗಾಡಿಯ ಹೊರಗೆ ಇಡಿ. ಕೀ ಆಫ್ ಇರುವಾಗಲೇ ವೈರ್ ಸಿಕ್ಕಿಸಿ, ಆಮೇಲೆ ಕೀ ಆನ್ ಮಾಡಿಸಿ. ಆನ್ ಇರುವಾಗ ಸಿಕ್ಕಿಸಿದರೆ ಆ ತುದಿಯಲ್ಲೇ ಕಿಡಿ ಬರುತ್ತದೆ.

ಪೆಟ್ರೋಲ್ ಬಗ್ಗೆ ಜನಕ್ಕೆ ಒಂದು ತಪ್ಪು ಕಲ್ಪನೆ ಇದೆ, ಅದಕ್ಕೆ ಬೆಂಕಿ ತಾಗಿಸಿದರೆ ಮಾತ್ರ ಉರಿಯುತ್ತದೆ ಅಂತ. ಉರಿಯುವುದು ದ್ರವ ಅಲ್ಲ, ಅದರ ಆವಿ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಪೆಟ್ರೋಲಿನಿಂದ ಬೆಂಕಿ ಹಿಡಿಯುವಷ್ಟು ಆವಿ ಏಳುತ್ತದೆ, ಇನ್ನು ನಮ್ಮ ಹಾಸನದ ಮಧ್ಯಾಹ್ನದಲ್ಲಿ ಕೇಳಬೇಕಾ? ಆ ಆವಿ ಗಾಳಿಗಿಂತ ಭಾರ. ಹೊಗೆಯ ಹಾಗೆ ಮೇಲೆ ಹೋಗುವುದಿಲ್ಲ, ನೀರಿನ ಹಾಗೆ ನೆಲದ ಮೇಲೆ ಹರಿದು ತಗ್ಗಿಗೆ ಹೋಗಿ ಕೂರುತ್ತದೆ. ಅದಕ್ಕೇ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಈ ಕೆಲಸ ಯಾರೂ ಮಾಡಬಾರದು. ಶಟರ್ ಹಾಕಿದ ಗ್ಯಾರೇಜಿನಲ್ಲೂ ಬೇಡ. ಅಡುಗೆಮನೆ ಕಿಟಕಿಯ ಕೆಳಗೆ, ಗ್ಯಾಸ್ ಗೀಸರ್ ಹತ್ತಿರ ಬೇಡ.

ನಿಮ್ಮದು ಸ್ವಂತ ಮನೆ, ಅಂಗಳ ಇದೆ ಅಂದುಕೊಳ್ಳುತ್ತೇನೆ. ಗಾಡಿಯನ್ನು ತಳ್ಳಿ ಬಯಲಿಗೆ ತನ್ನಿ, ನಾಲ್ಕೂ ಬಾಗಿಲು ಮತ್ತು ಡಿಕ್ಕಿ ತೆಗೆದಿಡಿ. ಬೆಳಗ್ಗೆ ತಂಪು ಹೊತ್ತಿನಲ್ಲಿ ಮಾಡಿ, ಕತ್ತಲಾದ ಮೇಲೆ ಕೈಬಲ್ಬ್ ಹಿಡಿದು ಮುಂದುವರಿಸುವ ಹಟ ಬೇಡ. ಪುಡಿ ತುಂಬಿದ ಬೆಂಕಿ ಆರಿಸುವ ಸಿಲಿಂಡರ್ ಒಂದು ಪಕ್ಕದಲ್ಲಿ ಇರಲಿ, ಜೊತೆಗೆ ಬಕೆಟ್ ಮರಳು. ನೀರು ಹಾಕಬಾರದು, ಪೆಟ್ರೋಲ್ ನೀರಿನ ಮೇಲೆ ತೇಲಿ ಬೆಂಕಿ ಹರಡುತ್ತದೆ. ನೈಲಾನ್, ಪಾಲಿಯೆಸ್ಟರ್ ಅಂಗಿ ಬಿಟ್ಟು ಹತ್ತಿಯದು ಹಾಕಿ. ಟ್ಯಾಂಕ್ ತೆರೆಯುವ ಮುಂಚೆ ಗಾಡಿಯ ಬರಿ ಲೋಹ ಒಮ್ಮೆ ಮುಟ್ಟಿ, ಮೈಯಲ್ಲಿನ ಸ್ಟ್ಯಾಟಿಕ್ ಹೋಗುತ್ತದೆ. ಸೀಟಿನ ಮೇಲೆ ಜಾರುತ್ತಾ ಕೆಲಸ ಮಾಡುವಾಗ ಮತ್ತೆ ಸೇರಿಕೊಳ್ಳುತ್ತದೆ, ಹಾಗಾಗಿ ಆಗಾಗ ಮುಟ್ಟುತ್ತಿರಿ. ಫೋನ್ ಮನೆಯೊಳಗೆ ಬಿಡಿ, ಫೋಟೋ ಆಮೇಲೆ. ಬೀಡಿ ಸಿಗರೇಟಿನ ಪಕ್ಕದ ಮನೆಯವರು ಕುತೂಹಲಕ್ಕೆ ಬಂದು ನಿಲ್ಲುತ್ತಾರೆ, ಅವರಿಗೆ ಮೊದಲೇ ಹೇಳಿ.

ಮತ್ತೆ, ಬಾಯಿಂದ ಪೈಪ್ ಎಳೆದು ಪೆಟ್ರೋಲ್ ತೆಗೆಯುವ ಪುರಾತನ ವಿದ್ಯೆ ದಯವಿಟ್ಟು ಬೇಡ. ಒಂದು ಗುಟುಕು ಶ್ವಾಸಕೋಶಕ್ಕೆ ಹೋದರೆ ಆಸ್ಪತ್ರೆಯೇ ಗತಿ.


ಹಾಸನದ_ಹಳೇಗಾಡಿ:

ಇಬ್ಬರಿಗೂ ಥ್ಯಾಂಕ್ಸ್. ಇವತ್ತು ಬೆಳಗ್ಗೆ ಪರೀಕ್ಷೆ ಮಾಡಿದೆ. ಕೀ ದೀಪ ಮಿಣುಕುತ್ತಿಲ್ಲ. ಆರ್‌ಪಿಎಂ ಮುಳ್ಳು ಅಲ್ಲಾಡುತ್ತದೆ. ಫ್ಯೂಸ್ ಸರಿ ಇದೆ. ಹಾರ್ನ್ ರಿಲೇ ಹಾಕಿದೆ, ಹಾರ್ನೂ ಬಂತು ಗಾಡಿ ಮಾತ್ರ ಸ್ಟಾರ್ಟ್ ಆಗಲಿಲ್ಲ, ಅಂದರೆ ಎರಡು ರಿಲೇನೂ ಚೆನ್ನಾಗಿವೆ. ಸೀಟಿನ ಕೆಳಗೆ ತಗಡಿನ ಮುಚ್ಚಳ ಇದೆ, ನಾಲ್ಕು ಸ್ಕ್ರೂ. ನಾನು ಪುಣ್ಯವಂತ!

ಬಲ್ಬ್ ಅಕ್ಕ ಹೇಳಿದ ಹಾಗೆ ಹೊರಗೆ ಕಾಂಪೌಂಡ್ ಗೋಡೆಯ ಮೇಲೆ ಇಟ್ಟೆ. ಮಗಳು ಕೀ ತಿರುಗಿಸಿದಳು. ಜೋರಾಗಿ ಉರಿಯಿತು, ಸರಿಯಾಗಿ ಎರಡು ಸೆಕೆಂಡ್. ಅವಳಿಗೆ ಖುಷಿಯಾಗಿ ಇನ್ನೂ ಮೂರು ಸಲ ತಿರುಗಿಸಿದಳು.

ಅಲ್ಲಿಗೆ ಪಂಪೇ ಸತ್ತಿದೆ ಅಂತ ಆಯಿತು. ಬರೀ ಪಂಪ್ ತರಲಾ, ಪೂರ್ತಿ ಅಸೆಂಬ್ಲಿ ತರಲಾ? ಟ್ಯಾಂಕಿನಲ್ಲಿ ಅಂದಾಜು 6-7 ಲೀಟರ್ ಇರಬಹುದು.


ಪಾನಾ_ಹುಬ್ಬಳ್ಳಿ:

ಅಸೆಂಬ್ಲಿಯಲ್ಲಿ ಗೇಜಿನ ತೇಲುಬುರುಡೆ, ಪ್ರೆಶರ್ ರೆಗ್ಯುಲೇಟರ್, ಜಾಲರಿ, ಪ್ಲಾಸ್ಟಿಕ್ ಡಬ್ಬಿ ಎಲ್ಲ ಸೇರಿ ಬರುತ್ತದೆ. ನಿನ್ನ ಗೇಜ್ ಸರಿಯಾಗಿ ತೋರಿಸುತ್ತಿದ್ದರೆ ಬರೀ ಪಂಪ್ ಸಾಕು. ಆದರೆ ಜೊತೆಗೆ ಮೂರು ಸಾಮಾನು ತರಲೇಬೇಕು. ಹೊಸ ಜಾಲರಿ, ಟ್ಯಾಂಕಿನ ಬಾಯಿಗೆ ಕೂರುವ ಹೊಸ ರಬ್ಬರ್ ರಿಂಗ್, ಮತ್ತೆ ಪಂಪಿನ ಮೇಲಿನ ಗಿಡ್ಡ ಪೈಪ್. ಹಳೆ ಪೈಪ್ ಕೊಯ್ಯದೆ ಬರುವುದಿಲ್ಲ.

ಪೈಪ್ ವಿಷಯದಲ್ಲಿ ಹುಷಾರು. ಬಾನೆಟ್ ಕೆಳಗೆ ಹಾಕುವ ಪೆಟ್ರೋಲ್ ಪೈಪ್ ಒಳಮೈ ಮಾತ್ರ ಪೆಟ್ರೋಲ್ ತಡೆಯುತ್ತದೆ, ಹೊರಮೈ ಅಲ್ಲ. ಟ್ಯಾಂಕಿನೊಳಗೆ ಅದು ಮುಳುಗಿಯೇ ಇರಬೇಕು, ಕೆಲವೇ ತಿಂಗಳಲ್ಲಿ ಮೆತ್ತಗಾಗಿ ಸೀಳುತ್ತದೆ. ಮೈಮೇಲೆ 30ಆರ್10 ಅಂತ ಅಚ್ಚು ಇರುವುದು ಕೇಳು, ಅದು ಮುಳುಗಿಸಿ ಇಡಲೆಂದೇ ಮಾಡಿದ್ದು. ಹಾಸನದಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ. ಪಂಪ್ ತರುವಾಗ ಹಳೆಯದರ ಮೇಲಿನ ನಂಬರ್ ಹೇಳಿ ತಾ. ನೋಡಲು ಎಲ್ಲ ಒಂದೇ ಥರ ಇರುತ್ತವೆ, ಒತ್ತಡ ಬೇರೆ ಬೇರೆ. ನಿನ್ನಂಥ ಗಾಡಿಗಳಿಗೆ ಸಾಮಾನ್ಯವಾಗಿ 3 ಬಾರ್ ಆಸುಪಾಸು ಬೇಕು.

ಈಗ ಕೆಲಸ. ಪಂಪಿನ ಫ್ಯೂಸ್ ಕಿತ್ತು ಎರಡು ಮೂರು ಸಲ ಸೆಲ್ಫ್ ಹೊಡೆ, ಪೈಪಿನಲ್ಲಿ ಉಳಿದ ಒತ್ತಡ ಇಳಿಯುತ್ತದೆ. ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ ಪಕ್ಕಕ್ಕೆ ಕಟ್ಟಿಡು. ಮುಚ್ಚಳ ತೆಗೆದ ಮೇಲೆ ಪಂಪಿನ ತಲೆಯ ಸುತ್ತ 15 ವರ್ಷದ ಧೂಳು, ಕಲ್ಲು ಎಲ್ಲ ಇರುತ್ತದೆ. ಒದ್ದೆ ಬಟ್ಟೆ, ಹಳೆ ಟೂತ್‌ಬ್ರಷ್ ಹಿಡಿದು ಚೊಕ್ಕ ಮಾಡು. ಈ ಕೆಲಸಕ್ಕೆ ಯಾರೂ ಅರ್ಧ ಗಂಟೆ ಕೊಡುವುದಿಲ್ಲ, ಆ ಮಣ್ಣೆಲ್ಲ ಟ್ಯಾಂಕಿಗೆ ಬಿದ್ದು ಹೊಸ ಜಾಲರಿ ಕಟ್ಟಿಕೊಂಡ ಮೇಲೆ ಪಂಪ್ ಡೂಪ್ಲಿಕೇಟ್ ಅಂತ ಅಂಗಡಿಯವನನ್ನು ಬೈಯುತ್ತಾರೆ.

ಪೆಟ್ರೋಲ್ ಪೈಪಿನ ಕನೆಕ್ಟರಿಗೆ ಎರಡೂ ಕಡೆ ಒತ್ತುವ ಕಿವಿ ಇರುತ್ತದೆ. ಬಟ್ಟೆ ಸುತ್ತಿ, ಪೈಪನ್ನು ಮೊದಲು ಒಳಗೆ ತಳ್ಳಿ, ಕಿವಿ ಒತ್ತಿ, ಆಮೇಲೆ ಎಳೆ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡ. ಆ ಪ್ಲಾಸ್ಟಿಕ್ ಒಣಗಿ ಹಪ್ಪಳ ಆಗಿರುತ್ತದೆ, ಕಿವಿ ಮುರಿದರೆ 200 ರೂಪಾಯಿಯ ಕ್ಲಿಪ್ಪಿಗೆ ನಾಲ್ಕು ದಿನ ಅಲೆಯಬೇಕು.

ತಲೆ ಬಿಗಿದಿರುವುದು 8ರ ಬೋಲ್ಟಿನಲ್ಲಾದರೆ ಸುಲಭ. ದೊಡ್ಡ ಪ್ಲಾಸ್ಟಿಕ್ ರಿಂಗ್ ಆದರೆ ಮರದ ತುಂಡು ಇಟ್ಟು ಮರದ ಸುತ್ತಿಗೆಯಿಂದ ಸುತ್ತಲೂ ಮೆಲ್ಲಗೆ ಬಡಿಯುತ್ತಾ ಹೋಗು, ಒಂದೇ ಕಡೆ ಬಡಿದರೆ ಹಲ್ಲು ಮುರಿಯುತ್ತದೆ. ಕಬ್ಬಿಣದ ಉಳಿ, ಕಬ್ಬಿಣದ ಸುತ್ತಿಗೆ ಬೇಡ, ಮೈಸೂರಿನ ಅಕ್ಕ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಬಿಚ್ಚುವ ಮುಂಚೆ ತಲೆಯ ಮೇಲಿನ ಬಾಣ ಟ್ಯಾಂಕಿನ ಯಾವ ಗುರುತಿಗೆ ಎದುರಿದೆ ನೋಡಿಕೋ, ಮಾರ್ಕರಿನಲ್ಲಿ ಗೆರೆ ಎಳೆ. ತಿರುಗಿಸಿ ಕೂರಿಸಿದರೆ ತೇಲುಬುರುಡೆಯ ಕಡ್ಡಿ ಟ್ಯಾಂಕಿನ ಗೋಡೆಗೆ ತಾಗಿ ಗೇಜ್ ಸುಳ್ಳು ಹೇಳುತ್ತದೆ. ಹೊರಗೆ ತೆಗೆಯುವಾಗಲೂ ಅಷ್ಟೇ, ನೇರ ಎಳೆಯಬೇಡ. ಸ್ವಲ್ಪ ಎತ್ತಿ, ಓರೆ ಮಾಡಿ, ಆ ಕಡ್ಡಿಯನ್ನು ಕೊನೆಗೆ ಬಿಡಿಸಿಕೊಂಡು ಬಾ. ಡಬ್ಬಿಯಲ್ಲಿ ಅರ್ಧ ಲೀಟರ್ ಪೆಟ್ರೋಲ್ ನಿಂತಿರುತ್ತದೆ, ಅದನ್ನು ಟ್ಯಾಂಕಿಗೇ ಬಗ್ಗಿಸು, ಸೀಟಿನ ಮೇಲಲ್ಲ. ಆಮೇಲೆ ಟ್ಯಾಂಕಿನ ಬಾಯಿಗೆ ದಪ್ಪ ಬಟ್ಟೆ ಮುಚ್ಚಿ, ಪಂಪನ್ನು ಗಾಡಿಯಿಂದ ದೂರ ಒಯ್ದು ಬಿಚ್ಚು.

ಪಂಪಿನ ವೈರ್ ಪ್ಲಸ್ ಮೈನಸ್ ನೋಡಿ ಹಾಕು, ಉಲ್ಟಾ ಆದರೆ ಮೋಟಾರ್ ಉಲ್ಟಾ ತಿರುಗುತ್ತದೆ. ಹೊಸ ಪಂಪ್ ತಿರುಗುತ್ತದಾ ಅಂತ ಬ್ಯಾಟರಿಗೆ ಹಿಡಿದು ನೋಡುವ ಚಪಲ ಎಲ್ಲರಿಗೂ ಇರುತ್ತದೆ. ಮಾಡಬೇಡ. ಪೆಟ್ರೋಲೇ ಅದರ ಎಣ್ಣೆ, ಪೆಟ್ರೋಲೇ ಅದರ ತಂಪು, ಒಣಗಿಸಿ ಓಡಿಸಿದರೆ ಸವೆಯುತ್ತದೆ. ನಿನ್ನ ಹಳೆ ಪಂಪ್ ಸತ್ತಿದ್ದೂ ಹೆಚ್ಚಾಗಿ ಅದಕ್ಕೇ. ಮುಳ್ಳು ಸದಾ ಕೆಂಪು ಗೆರೆಯಲ್ಲಿ ಅಂತ ನೀನೇ ಬರೆದಿದ್ದೀಯ. ಸಿಎನ್‌ಜಿ ಹಾಕಿಸಿದ ಗಾಡಿಗಳಲ್ಲೂ ಇದೇ ಗೋಳು. ಗ್ಯಾಸಿನಲ್ಲಿ ಓಡುತ್ತಲ್ಲ ಅಂತ ಪೆಟ್ರೋಲ್ 2 ಲೀಟರ್ ಇಟ್ಟುಕೊಂಡು ತಿರುಗುತ್ತಾರೆ.


ಮಿಶಿಗನ್_ಮಲೆನಾಡಿಗ:

ಪಾನಾ ಅಣ್ಣ ಎಲ್ಲವನ್ನೂ ಹೇಳಿದ್ದಾರೆ. ನನ್ನದು ಒಂದೆರಡು ಮಾತು. ಇಲ್ಲಿ ಅಮೆರಿಕದಲ್ಲಿ ಲೇಬರ್ ಎಷ್ಟು ದುಬಾರಿ ಅಂದರೆ, ಬೇರೆ ದಾರಿ ಇಲ್ಲದೆ ನಾನೂ ಹಳೆಯ ಸೆಡಾನ್ ಒಂದರ ಪಂಪನ್ನು ಮನೆ ಮುಂದೆಯೇ ಬದಲಾಯಿಸಿದೆ. ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ, ಅದರಿಂದ ಗಾಡಿಯ ತಳದಲ್ಲಿ ಒಂದು ಬೋಲ್ಟೂ ನೆಟ್ಟಗೆ ಬಿಚ್ಚುವುದಿಲ್ಲ. ತುಕ್ಕಿನ ರಿಂಗ್ ಬಿಚ್ಚಲು ಎರಡು ದಿನ ಬೇಕಾಯಿತು. ಮೊದಲ ದಿನ ಎಣ್ಣೆ ಹಾಕಿ ಬಿಟ್ಟು, ಎರಡನೇ ದಿನ ಬಡಿದು. ಹಾಸನದಲ್ಲಿ ಆ ಕಷ್ಟ ಇಲ್ಲ, ಅದಕ್ಕೆ ದೇವರಿಗೆ ಕೈ ಮುಗಿಯಿರಿ.

ನಾನು ಕಲಿತದ್ದು ಇದು. ಟ್ಯಾಂಕಿನಲ್ಲಿ ಕಾಲು ಭಾಗ ಪೆಟ್ರೋಲ್ ಇದ್ದಾಗ ಎಲ್ಲ ಸರಿ ಇದೆ ಅನ್ನಿಸುತ್ತದೆ. ಆ ರಬ್ಬರ್ ರಿಂಗ್ ಸೋರುತ್ತದಾ ಇಲ್ಲವಾ ಅಂತ ಗೊತ್ತಾಗುವುದು ಫುಲ್ ಟ್ಯಾಂಕ್ ಮಾಡಿ ಇಳಿಜಾರಿನಲ್ಲಿ ನಿಲ್ಲಿಸಿದಾಗ. ಹಾಗಾಗಿ ಸೀಟು, ಮುಚ್ಚಳ ಎಲ್ಲ ಬಿಗಿ ಮಾಡುವ ಮುಂಚೆ ಆ ಪರೀಕ್ಷೆ ಮಾಡಿ.

ಇನ್ನೊಂದು. ಭಾರತದಲ್ಲಿ ಈಗ ಇ20, ಅಂದರೆ ಶೇಕಡಾ 20 ಎಥೆನಾಲ್ ಬೆರೆಸಿದ ಪೆಟ್ರೋಲ್ ಅಲ್ವಾ, 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಅದಕ್ಕೆ ಚಾಲನೆ ಕೊಟ್ಟರು. 2010ರ ಗಾಡಿಯ ರಬ್ಬರು ಅದನ್ನು ಮನಸ್ಸಿನಲ್ಲಿ ಇಟ್ಟು ಮಾಡಿದ್ದಲ್ಲ. ಅದೇ ಕಾರಣ ಅಂತ ನಾನು ಹೇಳುತ್ತಿಲ್ಲ, ಆದರೆ ಹಳೆ ರಿಂಗ್ ಹೊರಗೆ ತೆಗೆದ ಮೇಲೆ ಉಬ್ಬಿ ವಾಪಸ್ ಕೂರದಿದ್ದರೆ ಆಶ್ಚರ್ಯ ಪಡಬೇಡಿ. ಹೊಸದೇ ಹಾಕಿ.


ಹಾಸನದ_ಹಳೇಗಾಡಿ:

ವಾರ ಆಯಿತು, ವರದಿ ಒಪ್ಪಿಸುತ್ತಿದ್ದೇನೆ.

ಪಂಪ್ 1,850, ಜಾಲರಿ 150, ರಿಂಗ್ 180, ಪೈಪ್ ಕ್ಲಿಪ್ ಸೇರಿ 260. ಪೈಪ್ ಇಲ್ಲಿ ಸಿಗಲಿಲ್ಲ. ಅಂಗಡಿಯವರು ವಾಷಿಂಗ್ ಪೈಪಿನಂಥದ್ದನ್ನು ಕೊಟ್ಟು "ಇದೇ ಸಾರ್, ಎಲ್ಲರೂ ಇದೇ ಹಾಕೋದು" ಎಂದರು. ಬೇಡ ಅಂತ ಬೆಂಗಳೂರಿನಲ್ಲಿರುವ ಭಾವಮೈದನ ಕೈಯಲ್ಲಿ ತರಿಸಿದೆ. ಬೆಂಕಿ ಆರಿಸುವ ಸಿಲಿಂಡರ್ ಎದುರು ಮನೆಯ ಶಾಲಾ ವ್ಯಾನಿನವರ ಹತ್ತಿರ ಒಂದು ಬೆಳಗ್ಗೆಗೆ ಸಾಲ.

ಬೆಳಗ್ಗೆ 6:30ಕ್ಕೆ ಶುರು ಮಾಡಿದೆ. ಸೀಟು ಎತ್ತುವುದು ಐದು ನಿಮಿಷ. ಧೂಳು ತೆಗೆಯುವುದು ಮುಕ್ಕಾಲು ಗಂಟೆ, ಅಣ್ಣ ಹೇಳಿದ್ದು ಅಕ್ಷರಶಃ ನಿಜ, ಒಂದು ಹಿಡಿ ಮಣ್ಣು ಬಂತು, ಜೊತೆಗೆ ಒಂದು ಕಡಲೆಕಾಯಿ ಸಿಪ್ಪೆ. ಅದು ಅಲ್ಲಿಗೆ ಹೇಗೆ ಹೋಯಿತೋ. ಪ್ಲಾಸ್ಟಿಕ್ ರಿಂಗ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಇಪ್ಪತ್ತು ನಿಮಿಷ ಬಡಿದ ಮೇಲೆ ಒಂದು ಕೂದಲಿನಷ್ಟು ಅಲ್ಲಾಡಿತು, ಆಮೇಲೆ ಬೆಣ್ಣೆ. ಟ್ಯಾಂಕ್ ತೆರೆದಾಗ ಬಂದ ವಾಸನೆಗೆ ತಲೆ ಗಿಮ್ ಎಂದಿತು. ಹೊರಗೆ ಬಂದು ಹತ್ತು ನಿಮಿಷ ಕೂತು ಕಾಫಿ ಕುಡಿದೆ. ಅಕ್ಕ, ಬೇಸ್‌ಮೆಂಟಿನಲ್ಲಿ ಬೇಡ ಅಂದಿದ್ದು ಯಾಕೆ ಅಂತ ಆಗ ಗೊತ್ತಾಯಿತು.

ಹಳೆಯ ಜಾಲರಿ ಕಪ್ಪಗೆ, ಕಾಫಿ ಸೋಸಿದ ಬಟ್ಟೆಯ ಹಾಗಿತ್ತು. ಹಳೆ ರಬ್ಬರ್ ರಿಂಗ್ ಹೊರಗೆ ತೆಗೆದ ಹತ್ತು ನಿಮಿಷಕ್ಕೆ ಬಳೆಯಿಂದ ಹಾರ ಆಯಿತು, ಮಿಶಿಗನ್ ಸಾರ್ ಹೇಳಿದ ಹಾಗೇ. ಹೊಸ ಪಂಪ್ ಹಾಕಿ, ಬಾಣ ನೋಡಿ ಕೂರಿಸಿ, ಬಿಗಿ ಮಾಡಿದೆ. ಬ್ಯಾಟರಿ ಹಾಕಿ ಕೀ ಆನ್ ಮಾಡಿದೆ. ಗುಂಯ್! ಮನೆಯವಳು ಅಡುಗೆಮನೆಯಿಂದ "ಬಂತಾ?" ಅಂತ ಕೂಗಿದಳು. ಪೈಪಿನಲ್ಲಿ ಒತ್ತಡ ತುಂಬಲಿ ಅಂತ ನಾಲ್ಕು ಸಲ ಆನ್ ಆಫ್ ಮಾಡಿ ಆಮೇಲೆ ಸೆಲ್ಫ್ ಹೊಡೆದೆ, ತಕ್ಷಣ ಸ್ಟಾರ್ಟ್. ಹತ್ತೂವರೆಗೆ ಕೆಲಸ ಮುಗಿಯಿತು.

ಮುಗಿಯಿತು ಅಂದುಕೊಂಡೆ.

ಖುಷಿಯಲ್ಲಿ ಜೀವನದಲ್ಲಿ ಮೊದಲ ಸಲ ಫುಲ್ ಟ್ಯಾಂಕ್ ಹಾಕಿಸಿದೆ. ಇಳಿಜಾರಿನ ಪರೀಕ್ಷೆ ನೆನಪಿತ್ತು, ಆದರೆ ಸೀಟು ಹಾಕಿಬಿಟ್ಟಿದ್ದೆ. ಮನೆ ಮುಂದೆ ಏರಿಗೆ ಮುಖ ಮಾಡಿ ನಿಲ್ಲಿಸಿ ಅರ್ಧ ಗಂಟೆ ಬಿಟ್ಟು ಬಾಗಿಲು ತೆಗೆದರೆ ಗಮ್ ಅಂತ ಪೆಟ್ರೋಲ್ ವಾಸನೆ. ಸೀಟು ಎತ್ತಿ ನೋಡಿದರೆ ಪಂಪಿನ ತಲೆಯ ಒಂದು ಅಂಚಿನಲ್ಲಿ ಒದ್ದೆ. ಬಾಗಿಲೆಲ್ಲ ತೆಗೆದು, ಮಕ್ಕಳನ್ನು ಒಳಗೆ ಕಳಿಸಿ, ಬ್ಯಾಟರಿ ಬಿಚ್ಚಿದೆ. ಗಾಡಿಯನ್ನು ಸಮತಟ್ಟಿಗೆ ತಳ್ಳಿದೆ. ಓಡಿಸಿ ಪೆಟ್ರೋಲ್ ಖಾಲಿ ಮಾಡೋಣ ಅಂತ ಒಂದು ಯೋಚನೆ ಬಂದಿತ್ತು, ಪಾನಾ ಅಣ್ಣನಿಗೆ ಮೆಸೇಜ್ ಮಾಡಿದೆ, ಇಲ್ಲಿ ಬರೆಯಲಾಗದಂಥ ಬೈಗುಳ ಬಂತು. ಕೈಯಲ್ಲಿ ಒತ್ತುವ ಪಂಪ್ ಒಂದು ತಂದು, ತಗಡಿನ ಕ್ಯಾನ್‌ಗಳಿಗೆ 20 ಲೀಟರ್ ಇಳಿಸಿ, ಮತ್ತೆ ಬಿಚ್ಚಿದೆ. ರಬ್ಬರ್ ರಿಂಗ್ ಒಂದು ಕಡೆ ತಾನು ಕೂರುವ ಜಾಗದಿಂದ ಜಾರಿ ಮಡಚಿಕೊಂಡಿತ್ತು. ಸ್ಪ್ರಿಂಗಿನ ಒತ್ತಡಕ್ಕೆ ತಲೆ ಮೇಲೇಳುತ್ತದಲ್ಲ, ಒಂದು ಕೈಯಲ್ಲಿ ಒತ್ತಿ ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ರಿಂಗ್ ತಿರುಗಿಸುವಾಗ ಹಾಗಾಗಿದೆ. ಈ ಸಲ ಇನ್ನೊಂದು ಹೊಸ ರಬ್ಬರ್ ರಿಂಗ್, ಮತ್ತೆ ಭಾವಮೈದ ಎರಡೂ ಕೈಯಲ್ಲಿ ನೆಟ್ಟಗೆ ಒತ್ತಿ ಹಿಡಿದ, ನಾನು ಬಿಗಿ ಮಾಡಿದೆ. 40 ನಿಮಿಷದ ಕೆಲಸ. ಪೆಟ್ರೋಲ್ ವಾಪಸ್ ತುಂಬಿ ಏರಿನಲ್ಲಿ ಒಂದು ರಾತ್ರಿ ನಿಲ್ಲಿಸಿದೆ. ಒಣಗಿದ ಹಾಗೇ ಇತ್ತು. ಆಮೇಲೇ ಸೀಟು ಹಾಕಿದ್ದು.

ಯಾರಾದರೂ ಮಾಡುವುದಾದರೆ ಆ ಒಂದು ಹಂತಕ್ಕೆ ಇನ್ನೊಬ್ಬರನ್ನು ಕರೆಯಿರಿ. ಉಳಿದದ್ದನ್ನು ಒಬ್ಬರೇ ಮಾಡಬಹುದು.


ಸುರಕ್ಷಾ_ಮೈಸೂರು:

ಇಳಿಸಿದ 20 ಲೀಟರ್ ಪೂರ್ತಿ ವಾಪಸ್ ತುಂಬಿದ್ದೀರಿ ತಾನೇ? ಕ್ಯಾನ್ ಮನೆಯೊಳಗೆ ಇಟ್ಟಿಲ್ಲ ಅಲ್ವಾ? ಪೆಟ್ರೋಲ್ ಒರೆಸಿದ ಬಟ್ಟೆಗಳನ್ನು ವಾಷಿಂಗ್ ಮೆಷಿನ್ನಿಗೆ ಹಾಕಬೇಡಿ, ಬಯಲಿನಲ್ಲಿ ಹರಡಿ ಪೂರ್ತಿ ಒಣಗಿಸಿ ಎಸೆಯಿರಿ.


ಹಾಸನದ_ಹಳೇಗಾಡಿ:

ತುಂಬಿದೆ ಅಕ್ಕ. ಬಟ್ಟೆ ಹಿತ್ತಲಿನ ಬೇಲಿಯ ಮೇಲಿದೆ. ಹಳೆ ಪಂಪ್ ಕೊಯ್ದು ಒಳಗೆ ಏನಾಗಿದೆ ನೋಡೋಣ ಅಂತ ಮಗಳ ಹಟ.


ಪಾನಾ_ಹುಬ್ಬಳ್ಳಿ:

ಒಂದು ವಾರ ಬಿಸಿಲಿಗೆ ಇಟ್ಟು ಆಮೇಲೆ ಕೊಯ್ಯಿ, ಒಳಗೆ ಪೆಟ್ರೋಲ್ ಇರುತ್ತದೆ. ಗ್ರೈಂಡರ್ ಬೇಡ, ಕೈಗರಗಸ ಸಾಕು. ಕಾರ್ಬನ್ ಬ್ರಷ್ ಎರಡರಲ್ಲಿ ಒಂದು ಮೊಂಡಾಗಿರುತ್ತದೆ ನೋಡು. ಫೋಟೋ ಹಾಕು.